ಮಳೆಗಾಲದಲ್ಲಿ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಇಗ್ನಿಷನ್‌ಗೆ ತೇವ ಸೇರಿದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ನಮ್ಮ ಮನೆ. ನನ್ನ ಹತ್ತಿರ ಒಂದು ಹಳೆಯ ಕಾರ್ಬುರೇಟರ್ ಓಮ್ನಿ ಇದೆ, ಒಂದು ಬೈಕ್ ಇದೆ. ಎರಡೂ ಮಳೆಯಲ್ಲಿ ನಿಂತು, ನನ್ನನ್ನೂ ನಿಲ್ಲಿಸಿ ಪಾಠ ಕಲಿಸಿವೆ. ಜೂನ್ ಬಂತೆಂದರೆ ನೆಂಟರು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರಹದವು. ಅವನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಬೇಸಿಗೆಯಲ್ಲಿ ಚೆನ್ನಾಗೇ ಓಡ್ತಿತ್ತು. ಮಳೆ ಬಿದ್ದ ತಕ್ಷಣ ಯಾಕೆ ಹೀಗಾಗುತ್ತೆ?

ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಪ್ಲಗ್ಗಿನ ಬಾಯಲ್ಲಿ ಕಿಡಿ ಹಾರಬೇಕಾದರೆ ಅದು ಸಾಲದು. ಇಗ್ನಿಷನ್ ಕಾಯಿಲ್ ಅದನ್ನು 15ರಿಂದ 30 ಸಾವಿರ ವೋಲ್ಟಿನವರೆಗೆ ಏರಿಸುತ್ತದೆ. ಅಷ್ಟು ಜೋರಿನ ಕರೆಂಟು ದಪ್ಪ ರಬ್ಬರಿನ ವೈರಿನಲ್ಲಿ ಹೋಗಿ, ಪ್ಲಗ್ ಕ್ಯಾಪ್ ದಾಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಬೇಕು. ದಾರಿಯಲ್ಲಿ ಎಲ್ಲಾದರೂ ಸುಲಭದ ಸಂದು ಸಿಕ್ಕರೆ ಅದು ಅಲ್ಲೇ ಇಂಜಿನ್ನಿನ ಲೋಹಕ್ಕೆ ಹಾರಿಬಿಡುತ್ತದೆ. ಗ್ಯಾರೇಜಿನವರು ‘ಅರ್ತ್ ಆಗ್ತಿದೆ’ ಅನ್ನುವುದು ಇದನ್ನೇ.

ಶುದ್ಧ ನೀರು ಕರೆಂಟನ್ನು ಅಷ್ಟಾಗಿ ಹರಿಸುವುದಿಲ್ಲ. ಆದರೆ ವೈರಿನ ಮೇಲಿರುವ ಧೂಳು, ಕೆಸರು, ಎಣ್ಣೆಯ ಜಿಡ್ಡು ನೀರಿನ ಜೊತೆ ಸೇರಿತು ಅಂದರೆ ಒಳ್ಳೆ ದಾರಿಯೇ ಆಗುತ್ತದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮಳೆ ಹೊಸ ರಿಪೇರಿ ತರುವುದು ಅಪರೂಪ. ವೈರಿನ ಬಿರುಕು, ಗಟ್ಟಿಯಾದ ಕ್ಯಾಪ್ ರಬ್ಬರು ಬೇಸಿಗೆಯಲ್ಲೂ ಇದ್ದವು. ಆಗ ಸಂದಿನಲ್ಲಿ ಒಣಗಾಳಿ ಇತ್ತು, ಈಗ ನೀರು ತುಂಬಿತು, ಅಷ್ಟೇ. ಅದಕ್ಕೇ ಒರೆಸಿ ಒಣಗಿಸಿದರೆ ಅವತ್ತಿನ ಮಟ್ಟಿಗೆ ಕೆಲಸ ಆಗುತ್ತದೆ. ಬಿರುಕು ಬಿಟ್ಟ ಭಾಗ ಸಿಗುವ ತನಕ ತೊಂದರೆ ಮರಳಿ ಬರುತ್ತಲೇ ಇರುತ್ತದೆ.

ತೇವದಿಂದಲೇ ಅಂತ ಹೇಗೆ ಹೇಳೋದು? ಪೆಟ್ರೋಲಿನ ತೊಂದರೆಯೂ ಇರಬಹುದಲ್ವಾ?

ಇರಬಹುದು. ತೇವದ ತೊಂದರೆಗೆ ಅದರದೇ ನಡವಳಿಕೆ ಇದೆ. ಬೆಳಿಗ್ಗೆ ತಣ್ಣಗಿರುವಾಗ, ಮಂಜು ಇರುವಾಗ, ಮಳೆ ಬಿಟ್ಟ ಕೂಡಲೇ ಜಾಸ್ತಿ. ಹತ್ತು ಹದಿನೈದು ನಿಮಿಷ ಓಡಿ ಇಂಜಿನ್ ಬಿಸಿಯಾದರೆ ತಾನೇ ಸರಿಹೋಗುತ್ತದೆ. ಲೋಡು ಬಿದ್ದಾಗ, ಅಂದರೆ ಘಾಟಿ ಹತ್ತುವಾಗ, ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ನಡುನಡುವೆ ಕಿಡಿ ತಪ್ಪಿ ಇಂಜಿನ್ ತಡವರಿಸುತ್ತದೆ. ಸೈಲೆನ್ಸರಿನಲ್ಲಿ ಪಟ್ ಅಂತ ಸಿಡಿಯುವುದೂ ಉಂಟು.

ಪೆಟ್ರೋಲಿನಲ್ಲಿ ನೀರು ಸೇರಿದ್ದರೆ ಇಂಜಿನ್ ಬಿಸಿಯಾದರೂ ಸುಧಾರಿಸುವುದಿಲ್ಲ. ಕಾರ್ಬುರೇಟರ್ ಗಾಡಿಯಾದರೆ ಕೆಳಗಿನ ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ನೋಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ, ಗುಂಡು ಗುಂಡಾಗಿ ನಿಲ್ಲುತ್ತದೆ. ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬರುತ್ತಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದನ್ನೂ ನೋಡಬೇಕು.

ಪಕ್ಕದ ಮನೆಯವರ ಡೀಸೆಲ್ ಜೀಪಿಗೆ ಈ ಕಾಟ ಇಲ್ವಲ್ಲ?

ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಬೇಕಿಲ್ಲ. ಗಾಳಿಯನ್ನು ಒತ್ತಿ ಬಿಸಿ ಮಾಡಿ, ಅದಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಪ್ಲಗ್ ವೈರೇ ಇಲ್ಲದ ಮೇಲೆ ಒದ್ದೆಯಾಗುವ ಮಾತೆಲ್ಲಿ? ಹಾಗಂತ ಹೊಳೆ ನೀರಿಗೆ ನುಗ್ಗಿಸಬೇಡಿ. ಏರ್ ಫಿಲ್ಟರಿನ ಮೂಲಕ ನೀರು ಒಳಗೆ ಹೋದರೆ ಡೀಸೆಲ್ ಇಂಜಿನ್ನಿಗೇ ಪೆಟ್ಟು ಜಾಸ್ತಿ.

## ಗಾಡಿ ನಿಂತಿದೆ, ಈಗ ಏನು ಮಾಡಲಿ?

ಬೈಕ್ ರಾತ್ರಿಯಿಡೀ ಮಳೆಯಲ್ಲಿತ್ತು. ಎಷ್ಟು ಕಿಕ್ ಹೊಡೆದ್ರೂ ಸ್ಟಾರ್ಟ್ ಆಗ್ತಿಲ್ಲ.

ಮೊದಲು ಕಿಕ್ ಹೊಡೆಯುವುದನ್ನು ನಿಲ್ಲಿಸಿ. ಕಿಡಿ ಇಲ್ಲದೆ ಕಿಕ್ ಹೊಡೆದಷ್ಟೂ ಪೆಟ್ರೋಲ್ ಒಳಗೆ ಹೋಗಿ ಪ್ಲಗ್ಗನ್ನು ತೋಯಿಸುತ್ತದೆ. ಆಮೇಲೆ ಹೊರಗಿನ ನೀರು ಒಣಗಿದರೂ ಗಾಡಿ ಏಳುವುದಿಲ್ಲ.

ಕೀ ಆಫ್ ಮಾಡಿ. ಪ್ಲಗ್ ಕ್ಯಾಪನ್ನು ವೈರು ಹಿಡಿದು ಎಳೆಯಬೇಡಿ. ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಚಿ ತೆಗೆಯಿರಿ. ಒಳಗೆ ಹನಿ ಕಂಡರೆ ಕೊಡವಿ, ಒಣಗಿದ ಹತ್ತಿ ಬಟ್ಟೆಯ ಮೂಲೆಯನ್ನು ಸುರುಳಿ ಸುತ್ತಿ ಒಳಗೆ ಹಾಕಿ ತಿರುಗಿಸಿ. ಬಾಯಿಂದ ಊದಬೇಡಿ, ನಮ್ಮ ಉಸಿರಲ್ಲೂ ತೇವ ಇದೆ. ಪ್ಲಗ್ಗಿನ ಬಿಳಿ ಪಿಂಗಾಣಿ ಭಾಗವನ್ನು ಪೂರ್ತಿ ಒರೆಸಿ. ಅಲ್ಲಿಂದ ವೈರನ್ನು ಹಿಡಿದು ಟ್ಯಾಂಕಿನ ಕೆಳಗಿನ ಕಾಯಿಲ್‌ವರೆಗೂ ಒರೆಸಿಕೊಂಡು ಹೋಗಿ. ಜನ ಬಿಟ್ಟುಬಿಡುವುದು ಇದನ್ನೇ. ಕ್ಯಾಪ್ ಮತ್ತೆ ಹಾಕುವಾಗ ಕ್ಲಿಕ್ ಅಂತ ಕೂರಬೇಕು.

ಆಗಲೇ ಇಪ್ಪತ್ತು ಮೂವತ್ತು ಕಿಕ್ ಹೊಡೆದಿದ್ದರೆ ಪ್ಲಗ್ ಬಿಚ್ಚಲೇಬೇಕು. ತುದಿ ಪೆಟ್ರೋಲ್ ವಾಸನೆ ಹೊಡೆಯುತ್ತಾ ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ. ಕೀ ಆಫ್ ಇಟ್ಟು, ಪೆಟ್ರೋಲ್ ಕಾಕ್ ಇದ್ದರೆ ಅದನ್ನೂ ಮುಚ್ಚಿ, ಆಕ್ಸಿಲೇಟರ್ ಪೂರ್ತಿ ತಿರುಗಿಸಿ ಏಳೆಂಟು ಕಿಕ್ ಹೊಡೆದರೆ ಒಳಗಿದ್ದ ಪೆಟ್ರೋಲ್ ಹೊರಗೆ ಹೋಗುತ್ತದೆ. ಆಮೇಲೆ ಪ್ಲಗ್ ಹಾಕಿ ನೋಡಿ. ಇಷ್ಟಕ್ಕೇ ಸರಿಹೋಗುವ ಗಾಡಿಗಳೇ ಜಾಸ್ತಿ.

ರಸ್ತೆ ಮೇಲಿನ ನೀರಿಗೆ ಇಳಿಸಿದೆ, ಕಾರು ಆಫ್ ಆಯ್ತು. ತಕ್ಷಣ ಸೆಲ್ಫ್ ಹೊಡೀಬಹುದಾ?

ಬೇಡ. ದಯವಿಟ್ಟು ಬೇಡ.

ನೀರು ಬರೀ ಪ್ಲಗ್ ವೈರಿಗೆ ಸಿಡಿದು ಆಫ್ ಆಗಿದ್ದರೆ ದೊಡ್ಡ ಅಪಾಯ ಇಲ್ಲ. ಆದರೆ ಗಾಳಿ ಎಳೆದುಕೊಳ್ಳುವ ಪೈಪಿನ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಕಥೆಯೇ ಬೇರೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಾರನ್ನು ತಳ್ಳಿ ಮೇಲೆ ತನ್ನಿ. ಏರ್ ಫಿಲ್ಟರ್ ಡಬ್ಬ ತೆಗೆದು ಫಿಲ್ಟರ್ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗಿ. ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ನೀರು ಹೊರಹಾಕದೆ ಇಂಜಿನ್ ತಿರುಗಿಸುವ ಹಾಗಿಲ್ಲ. ನೀರು ಹೊಕ್ಕ ಇಂಜಿನ್ನಿಗೆ ಸೆಲ್ಫ್ ಹೊಡೆದು ಆದ ನಷ್ಟವನ್ನು ಸಾಮಾನ್ಯ ವಿಮೆಯಲ್ಲಿ ಬಹಳ ಸಲ ಕೊಡುವುದಿಲ್ಲ. ಅದಕ್ಕೆ ‘ಇಂಜಿನ್ ಪ್ರೊಟೆಕ್ಟ್’ ಅಂತ ಬೇರೆ ದುಡ್ಡು ಕಟ್ಟಿರಬೇಕು. ಫಿಲ್ಟರ್ ಒಣಗಿದ್ದರೆ ಮಾತ್ರ ಇಗ್ನಿಷನ್ ಕಡೆ ನೋಡಿ.

ಡಬ್ಲ್ಯುಡಿ-40 ಹೊಡೆದ್ರೆ ಸಾಕಾ?

ದಾರಿ ಮಧ್ಯೆ ಆ ಸ್ಪ್ರೇ ಒಳ್ಳೆಯ ನೆಂಟ. ಆ ಹೆಸರಿನ ಅರ್ಥವೇ ನೀರನ್ನು ಓಡಿಸುವುದು. 1953ರಲ್ಲಿ ತಯಾರಾದ 40ನೇ ಮಿಶ್ರಣ ಅದು. ತೆಳ್ಳಗೆ ಹೊಡೆದು, ಎರಡು ನಿಮಿಷ ಬಿಟ್ಟು, ಒರೆಸಿ ಸ್ಟಾರ್ಟ್ ಮಾಡಿ. ಹೊಡೆದ ಕೂಡಲೇ ಕೀ ತಿರುಗಿಸಬೇಡಿ. ಅದು ಬೇಗ ಬೆಂಕಿ ಹಿಡಿಯುವ ವಸ್ತು, ಪಕ್ಕದಲ್ಲೇ ಕಿಡಿ ಇರುತ್ತದೆ. ವಾರವಾರ ಹೊಡೆದರೆ ಆ ಜಿಡ್ಡಿಗೆ ಧೂಳು ಅಂಟಿ, ಕರೆಂಟು ಸೋರುವುದಕ್ಕೆ ಇನ್ನೊಂದು ದಾರಿಯಾಗುತ್ತದೆ.

ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದ್ರೆ, ಪೇಪರ್ ಹಚ್ಚಿ ಶಾಖ ಕೊಟ್ರೆ ಬೇಗ ಒಣಗುತ್ತೆ ಅಂತಾರೆ. ನಿಜಾನಾ?

ಎರಡನ್ನೂ ಮಾಡಬೇಡಿ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹಾರಿದರೆ ಗಾಡಿಯೂ ಹೋಗುತ್ತದೆ, ಕೈಯೂ ಸುಡುತ್ತದೆ. ಒಣಬಟ್ಟೆ, ಬಿಸಿಲು, ಮನೆಯಲ್ಲಿದ್ದರೆ ಹೇರ್ ಡ್ರೈಯರ್ ಸಾಕು.

## ಯಾವ ಭಾಗದಲ್ಲಿ ಸೋರುತ್ತಿದೆ?

ನಮ್ಮದು ಹಳೇ ಓಮ್ನಿ. ಪ್ಲಗ್, ವೈರು ಒರೆಸಿದ್ರೂ ಬೆಳಿಗ್ಗೆ ಏಳಲ್ಲ. ಇನ್ನೇನು ನೋಡಲಿ?

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ನೋಡಿ. ಹಳೆಯ ಮಾರುತಿ 800, ಓಮ್ನಿ, ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಎಲ್ಲದರಲ್ಲೂ ಇದೊಂದು ಬಟ್ಟಲು ಇರುತ್ತದೆ. ಕಾಯಿಲ್‌ನಿಂದ ಬಂದ ಕರೆಂಟನ್ನು ಒಳಗಿನ ರೋಟರ್ ತಿರುಗುತ್ತಾ ಒಂದೊಂದು ಸಿಲಿಂಡರಿಗೂ ಹಂಚುತ್ತದೆ. ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಮಳೆ ಮೇಲಿಂದ ಬೀಳದಿದ್ದರೂ ರಸ್ತೆಯ ನೀರು ಕೆಳಗಿಂದ ಚೆನ್ನಾಗಿ ಎರಚುತ್ತದೆ.

ಹೊರಗಿನ ನೀರೇ ಬೇಕೆಂದಿಲ್ಲ. ಸಂಜೆ ಬಿಸಿ ಇಂಜಿನ್ ಆಫ್ ಮಾಡಿ ನಿಲ್ಲಿಸುತ್ತೀರಿ. ರಾತ್ರಿ ತಣ್ಣಗಾಗುವಾಗ ಬಟ್ಟಲು ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಒಳಗೋಡೆಯ ಮೇಲೆ ಇಬ್ಬನಿ ಕೂತಿರುತ್ತದೆ, ಕನ್ನಡಕಕ್ಕೆ ಆವಿ ಕಟ್ಟಿದ ಹಾಗೆ.

ಬಿಚ್ಚುವ ಮೊದಲು ವೈರುಗಳಿಗೆ 1, 2, 3 ಅಂತ ಟೇಪಿನಲ್ಲಿ ನಂಬರ್ ಅಂಟಿಸಿ. ಅದಲುಬದಲಾದರೆ ಹೊಸ ತಲೆನೋವು. ಒರೆಸಿದ ಮೇಲೆ ಕ್ಯಾಪನ್ನು ಬೆಳಕಿಗೆ ಹಿಡಿದು ಮೂರು ವಿಷಯ ನೋಡಿ. ಕೂದಲಿನಷ್ಟು ಸಣ್ಣ ಬಿರುಕು ಇದೆಯಾ? ನಡುವಿನ ಕಾರ್ಬನ್ ಗುಂಡಿ ಸವೆದಿದೆಯಾ? ಒಂದು ಪಿನ್ನಿನಿಂದ ಇನ್ನೊಂದಕ್ಕೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಇದೆಯಾ? ಆ ಗೆರೆ ಕೊಳೆಯಲ್ಲ. ಕರೆಂಟು ಅಲ್ಲಿ ಹರಿದು ಹರಿದು ಪ್ಲಾಸ್ಟಿಕ್ ಸುಟ್ಟು ಕಾರ್ಬನ್ ಆಗಿದೆ. ಕೆರೆದರೂ ಅದು ಹೋಗುವುದಿಲ್ಲ. ಕ್ಯಾಪ್ ಮತ್ತು ರೋಟರ್ ಎರಡನ್ನೂ ಬದಲಾಯಿಸಿ. ನಾನು ಒಂದು ಇಡೀ ಆಷಾಢ ಆ ಗೆರೆಯನ್ನು ಕೊಳೆ ಅಂದುಕೊಂಡು ದಿನಾ ಬೆಳಿಗ್ಗೆ ಒರೆಸಿದ್ದೇನೆ.

ಆಗ ನಮ್ಮ ಮನೆಯಲ್ಲಿ ಕ್ಯಾಪ್ ಒಣಗುತ್ತಿದ್ದದ್ದು ಬಚ್ಚಲು ಒಲೆಯ ಹತ್ತಿರ, ಮಕ್ಕಳ ಯೂನಿಫಾರ್ಮಿನ ಪಕ್ಕ. ಹಂಡೆಯ ಕಟ್ಟೆಯ ಮೇಲೆ, ಕೈ ಇಟ್ಟರೆ ಹಿತವಾದ ಬೆಚ್ಚಗೆ ಅನ್ನಿಸುವ ಜಾಗದಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು. ಒಲೆಯ ಬಾಯಿಗೆ ಹತ್ತಿರ ಇಟ್ಟರೆ ಸೊಟ್ಟಗಾಗುತ್ತದೆ.

ಕ್ಯಾಪಿಗೆ ಪ್ಲಾಸ್ಟಿಕ್ ಕವರ್ ಕಟ್ಟಬಹುದಾ?

ಗಾಳಿಯಾಡದ ಹಾಗೆ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ನೀರು ಎರಚುವ ಕಡೆಗೆ ಮಾತ್ರ ಒಂದು ಅಡ್ಡ ಬೇಕು. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಮಿನಿ ಕಾರಿನ ಡಿಸ್ಟ್ರಿಬ್ಯೂಟರ್ ಮುಂದಿನ ಜಾಲರಿಯ ಹಿಂದೆಯೇ ಇತ್ತು. ಮಳೆ ಬಂದರೆ ನೇರ ಅದಕ್ಕೇ ಹೊಡೆಯುತ್ತಿತ್ತು. ಅಲ್ಲಿನವರು ರಬ್ಬರ್ ಕೈಗವಸಿನ ಬೆರಳ ತುದಿ ಕತ್ತರಿಸಿ, ಒಂದೊಂದು ಬೆರಳಿನಲ್ಲಿ ಒಂದೊಂದು ವೈರು ತೂರಿಸಿ ಕ್ಯಾಪಿಗೆ ತೊಡಿಸುತ್ತಿದ್ದರು. ಕೆಳಗಡೆ ತೆರೆದೇ ಇರುತ್ತದೆ. ನಮ್ಮ ಹಳೆಯ ಕಾರುಗಳಿಗೂ ಈ ಉಪಾಯ ನಡೆಯುತ್ತದೆ. ಬಿಸಿ ಭಾಗಕ್ಕೆ, ಬೆಲ್ಟಿಗೆ ತಾಗದಂತೆ ನೋಡಿಕೊಳ್ಳಿ.

ಎಲ್ಲಿ ಸೋರ್ತಿದೆ ಅಂತ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಉಪಾಯ ಇದೆಯಾ?

ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಕತ್ತಲಾದ ಮೇಲೆ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗ ಲೈಟು, ಟಾರ್ಚು ಎಲ್ಲ ಆರಿಸಿ. ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನ ಹಾಗೆ ಒಂದೇ ಒಂದು ಸಲ ಹೊಡೆಯಿರಿ.

ನಮ್ಮ ಓಮ್ನಿಯ ಸೀಟು ಎತ್ತಿ ಹೀಗೆ ಮಾಡಿದಾಗ, ಎರಡನೇ ಸಿಲಿಂಡರಿನ ವೈರಿನಿಂದ ಪಕ್ಕದ ಕಬ್ಬಿಣದ ಕ್ಲಿಪ್ಪಿಗೆ ನೂಲಿನಂತಹ ನೀಲಿ ಕಿಡಿ ಹಾರಿತು. ಜೊತೆಗೆ ಟಿಕ್ ಟಿಕ್ ಟಿಕ್ ಸದ್ದು. ಮರುದಿನ ಹಗಲಿನಲ್ಲಿ ಆ ಜಾಗ ಬಾಗಿಸಿ ನೋಡಿದರೆ ಕ್ಲಿಪ್ಪು ಉಜ್ಜಿ ಉಜ್ಜಿ ರಬ್ಬರ್ ಸವೆದಿತ್ತು. ಹಗಲಲ್ಲಿ ಎಷ್ಟು ಹುಡುಕಿದರೂ ಸಿಗದೇ ಇದ್ದದ್ದು ಕತ್ತಲಲ್ಲಿ ಅರೆನಿಮಿಷಕ್ಕೆ ಸಿಕ್ಕಿತು.

ಎಚ್ಚರಿಕೆ: ಈ ವೇಳೆ ವೈರು ಮುಟ್ಟಬೇಡಿ, ಪಂಚೆಯ ತುದಿ, ಶಾಲು, ಸೆರಗು ಇಂಜಿನ್ ಹತ್ತಿರ ತರಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ದೂರ ಇರಲಿ.

ಸರ್ವಿಸ್‌ನಲ್ಲಿ ಇಂಜಿನ್ ತೊಳೆಸಿದ್ಮೇಲೆ ಕಾರು ನಡುಗ್ತಿದೆ, ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಮಿನುಗ್ತಿದೆ. ಹೊಸ ಕಾರಿಗೂ ಹೀಗಾಗುತ್ತಾ?

ಆಗುತ್ತದೆ. ಹೊಸ ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಬಹುತೇಕ ಉದ್ದ ವೈರೂ ಇಲ್ಲ. ಒಂದೊಂದು ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಪ್ಲಗ್ ಇರುವುದು ಬಾವಿಯಂಥ ಆಳದ ಗುಂಡಿಯಲ್ಲಿ. ಪ್ರೆಶರ್ ನೀರು ಹೊಡೆದಾಗ ಗುಂಡಿ ತುಂಬಿಕೊಂಡರೆ ಆ ಸಿಲಿಂಡರ್ ಉರಿಯುವುದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0301, ಪಿ0302 ಅಂತ ಕೋಡ್ ಬರುತ್ತದೆ. ಕೊನೆಯ ಅಂಕಿ ಸಿಲಿಂಡರಿನ ನಂಬರ್.

ಲೈಟ್ ಸುಮ್ನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದೆ ಅಂದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವ ಅಪಾಯ ಇದೆ. ಓಡಿಸಬೇಡಿ. ಇಂಜಿನ್ ತಣ್ಣಗಾದ ಮೇಲೆ ಕಾಯಿಲ್ ತೆಗೆದು, ಗುಂಡಿಯ ನೀರನ್ನು ಬಟ್ಟೆಯಿಂದ ಹೀರಿಸಿ, ಕಾಯಿಲ್ಲಿನ ರಬ್ಬರ್ ಕೊಳವೆಯನ್ನು ಒಣಗಿಸಿ ಹಾಕಿ. ಗುಂಡಿಯಲ್ಲಿ ನೀರಿನ ಬದಲು ಎಣ್ಣೆ ಕಂಡರೆ ಮೇಲಿನ ಸೀಲ್ ಹೋಗಿದೆ ಅಂತ ಅರ್ಥ.

ಬೈಕಿನ ಪ್ಲಗ್ ಸುತ್ತ ಯಾವಾಗಲೂ ನೀರು ನಿಂತಿರುತ್ತೆ. ಯಾಕೆ?

ಬಹಳಷ್ಟು ಬೈಕುಗಳ ಇಂಜಿನ್ ಹೆಡ್ಡಿನಲ್ಲಿ ಪ್ಲಗ್ ಗುಂಡಿಯಿಂದ ನೀರು ಹೊರಹೋಗಲು ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಕೆಂಪು ಮಣ್ಣಿನ ಕೆಸರು ಅದನ್ನು ಮುಚ್ಚಿಬಿಡುತ್ತದೆ. ಪ್ಲಗ್ ಹಾಕಿರುವಾಗಲೇ, ಇಂಜಿನ್ ತಣ್ಣಗಿರುವಾಗ, ತೆಳು ತಂತಿಯಿಂದ ಚುಚ್ಚಿ ಬಿಡಿಸಿ. ಇದೊಂದು ತೂತು ಎಷ್ಟೋ ಜನರ ಪ್ಲಗ್, ಕ್ಯಾಪ್, ಕಾಯಿಲ್ ಎಲ್ಲವನ್ನೂ ಸುಮ್ನೆ ಬದಲಾಯಿಸಿಸಿದೆ. ಮುಂದಿನ ಮಡ್‌ಗಾರ್ಡಿಗೆ ಉದ್ದದ ರಬ್ಬರ್ ಫ್ಲ್ಯಾಪ್ ಹಾಕಿಸಿದರೆ ಚಕ್ರದ ನೀರು ಅಷ್ಟು ದೂರ ಬರುವುದೇ ಕಡಿಮೆ.

ಅಪ್ಪನ ಯೆಜ್ಡಿ ಇದೆ, ಪಾಯಿಂಟ್ ಇಗ್ನಿಷನ್. ಅದಕ್ಕೆ ಬೇರೆ ಏನಾದ್ರೂ ನೋಡಬೇಕಾ?

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅಲ್ಲಿಂದ ಬಂದ ಗಾಡಿಗಳನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡವರು ಬಹಳ ಇದ್ದಾರೆ. ಇವುಗಳಲ್ಲಿ ಕಾಂಟ್ಯಾಕ್ಟ್ ಪಾಯಿಂಟಿನ ಎರಡು ಮುಖ ತೆರೆದು ಮುಚ್ಚಿ ಕಿಡಿ ಹುಟ್ಟಿಸುತ್ತವೆ. ತೇವದಲ್ಲಿ ವಾರ ನಿಂತರೆ ಮುಖದ ಮೇಲೆ ತೆಳು ಪೊರೆ ಕಟ್ಟುತ್ತದೆ, ಕರೆಂಟು ದಾಟುವುದಿಲ್ಲ. ಕವರ್ ತೆಗೆದು ನೀರು ಒರೆಸಿ. ಪಾಯಿಂಟಿನ ನಡುವೆ ಒಣಗಿದ ಗಟ್ಟಿ ಕಾಗದದ ಚೂರು ಇಟ್ಟು ಎರಡು ಮೂರು ಸಲ ಎಳೆಯಿರಿ. ಕಾಗದದ ಮೇಲೆ ಬೂದು ಗೆರೆ ಬರುವುದು ನಿಂತರೆ ಆಯಿತು. ಮುಖ ಗುಳಿಬಿದ್ದಿದ್ದರೆ ಪಾಯಿಂಟ್ ಸೆಟ್ ಜೊತೆ, ಪಾಯಿಂಟಿನ ಮುಖ ಸುಡದಂತೆ ಕಾಯುವ ಕಂಡೆನ್ಸರನ್ನೂ ಬದಲಾಯಿಸುವುದು ಒಳ್ಳೆಯದು.

## ಇನ್ನೂ ಸ್ವಲ್ಪ ಆಳಕ್ಕೆ

ಮಲ್ಟಿಮೀಟರ್‌ನಲ್ಲಿ ವೈರು, ಕಾಯಿಲ್ ಎಲ್ಲಾ ಸರಿ ತೋರಿಸ್ತಿದೆ. ಆದ್ರೂ ಮಳೆಯಲ್ಲಿ ಮಿಸ್ಸಿಂಗ್ ಯಾಕೆ?

ಮೀಟರ್ ಅಳೆಯುವುದು ತನ್ನ ಪುಟ್ಟ ಬ್ಯಾಟರಿಯ ಕೆಲವೇ ವೋಲ್ಟಿನಲ್ಲಿ. ಬಿರುಕಿನಿಂದ ಕರೆಂಟು ಹಾರುವುದು ಸಾವಿರಾರು ವೋಲ್ಟ್ ಬಂದಾಗ. ಹಾಗಾಗಿ ವೈರು ಒಳಗೆ ತುಂಡಾಗಿದೆಯಾ ಅಂತ ಮೀಟರ್ ಹೇಳುತ್ತದೆ, ಹೊರಗೆ ಸೋರುತ್ತಿದೆಯಾ ಅಂತ ಹೇಳುವುದಿಲ್ಲ. ಸೋರುವುದನ್ನು ಹಿಡಿಯಲು ಮೇಲೆ ಹೇಳಿದ ಕತ್ತಲ ಪರೀಕ್ಷೆಯೇ ಬೇಕು.

ಮೀಟರ್ ಬಳಸುವುದಾದರೆ ಎಲ್ಲ ವೈರುಗಳನ್ನೂ ಒಂದಕ್ಕೊಂದು ಹೋಲಿಸಿ. ಉದ್ದ ಜಾಸ್ತಿ ಇದ್ದರೆ ಓಮ್ ಜಾಸ್ತಿ ಬರುವುದು ಸಹಜ. ಗಿಡ್ಡ ವೈರು ಉದ್ದದ್ದಕ್ಕಿಂತ ಜಾಸ್ತಿ ತೋರಿಸಿದರೆ ಅನುಮಾನ ಪಡಿ. ರೆಸಿಸ್ಟರ್ ಇರುವ ಬೈಕ್ ಕ್ಯಾಪು ಸಾಮಾನ್ಯವಾಗಿ 5,000 ಓಮ್ ಆಸುಪಾಸು ಇರುತ್ತದೆ. ಬೈಕಿನ ಕ್ಯಾಪ್ ವೈರಿಗೆ ಸ್ಕ್ರೂ ತರಹ ತಿರುಗಿಸಿ ಹಾಕಿರುವಂಥದ್ದಾದರೆ ಬಿಚ್ಚಿ ವೈರಿನ ತುದಿ ನೋಡಿ. ತಾಮ್ರ ಹಸಿರಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ.

ಕಿಡಿ ಒಮ್ಮೆ ಬರುತ್ತೆ, ಒಮ್ಮೆ ಪೂರ್ತಿ ಇಲ್ಲ. ಪ್ಲಗ್, ಕ್ಯಾಪ್, ಕಾಯಿಲ್ ಎಲ್ಲ ಹೊಸದು.

ಹಾಗಾದರೆ ತೇವ ಕಡಿಮೆ ವೋಲ್ಟಿನ ಕಡೆ, ಅಂದರೆ ಕಾಯಿಲ್‌ಗಿಂತ ಮೊದಲಿನ ಸ್ವಿಚ್ಚು, ಕನೆಕ್ಟರುಗಳಲ್ಲಿ ಇದೆ. ಸೋರಿಕೆಯಲ್ಲಿ ಕಿಡಿ ದುರ್ಬಲ ಆಗುತ್ತದೆ, ಮಿಸ್ ಆಗುತ್ತದೆ. ಸ್ವಿಚ್ ಅಥವಾ ಕನೆಕ್ಟರ್ ಕೆಟ್ಟರೆ ಪೂರ್ತಿ ಹೋಗಿ ಪೂರ್ತಿ ಬರುತ್ತದೆ. ಹ್ಯಾಂಡಲ್ ಮೇಲೆ ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಇದ್ದರೆ ಹತ್ತು ಸಲ ಆನ್ ಆಫ್ ಮಾಡಿ ನೋಡಿ. ಸೈಡ್ ಸ್ಟ್ಯಾಂಡ್ ಸ್ವಿಚ್ ಇರುವ ಗಾಡಿಯಾದರೆ ಅದರ ಕೆಸರು ತೆಗೆಯಿರಿ. ಕಿಡಿ ಯಾವಾಗ ಹಾರಬೇಕೆಂದು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಸಿಡಿಐ ಡಬ್ಬಿಯ ಒಳಗೆ ಸಾಮಾನ್ಯವಾಗಿ ನೀರು ಹೋಗುವುದಿಲ್ಲ, ಅದರ ಕನೆಕ್ಟರಿಗೆ ಹೋಗುತ್ತದೆ. ಬಿಚ್ಚಿ ಪಿನ್ನುಗಳ ಮೇಲೆ ಹಸಿರು ಪುಡಿ ಇದೆಯಾ ನೋಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ.

ಇಲಿಗಳನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಹುಡುಕಿಕೊಂಡು ಬರುತ್ತವೆ. ಕಡಿದ ವೈರು ಒಣಗಿದ್ದಾಗ ಏನೂ ಆಗದೆ, ತೇವ ತಾಗಿದಾಗ ಮಾತ್ರ ತೊಂದರೆ ಕೊಡುತ್ತದೆ.

ಕಿಡಿ ಪರೀಕ್ಷೆ ಮಾಡುವಾಗ ಪ್ಲಗ್ಗಿನ ಲೋಹ ಇಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ, ಪ್ಲಗ್ ತೂತಿನಿಂದ ದೂರ ಇರಲಿ, ಕ್ಯಾಪನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ. ವೈರನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆದರೆ ಸಿಡಿಐ, ಕಾಯಿಲ್ ಹಾಳಾಗಬಹುದು.

ನಾವಿರೋದು ಕಾರವಾರದಲ್ಲಿ. ಮಳೆ ಇಲ್ಲದ ದಿನವೂ ಹೀಗೇ ಆಗುತ್ತಲ್ಲ?

ಕಡಲ ಗಾಳಿಯ ಉಪ್ಪು ವೈರು, ಕ್ಯಾಪ್, ಪಿಂಗಾಣಿಯ ಮೇಲೆ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ, ಮಳೆ ಬೇಕಾಗಿಲ್ಲ. ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪು ಹೋಗುವುದಿಲ್ಲ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಪೂರ್ತಿ ಒಣಗಿಸಿ. ಕರಾವಳಿಯವರು ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಒಳ್ಳೆಯದು.

ಸಿಲಿಕೋನ್ ಗ್ರೀಸ್ ಎಲ್ಲಿ ಹಚ್ಚೋದು? ಮಾಮೂಲಿ ಗ್ರೀಸ್ ಆಗಲ್ವಾ?

ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಕೆಡಿಸಬಹುದು. ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ಅಂತಲೇ ಕೇಳಿ. ಅದು ಕರೆಂಟನ್ನು ಹರಿಸುವುದಿಲ್ಲ. ಅದಕ್ಕೇ ಲೋಹದ ತುದಿಗೆ ಬಳಿಯಬಾರದು, ಕ್ಯಾಪಿನ ರಬ್ಬರ್ ಬಾಯಿಯ ಒಳಸುತ್ತಿಗೆ ಬೆರಳಲ್ಲಿ ತೆಳ್ಳಗೆ ಸವರಬೇಕು. ನೀರೂ ಹೋಗುವುದಿಲ್ಲ, ಮುಂದಿನ ಸಲ ಕ್ಯಾಪ್ ಅಂಟಿಕೊಳ್ಳದೆ ಬರುತ್ತದೆ.

ಮಳೆ ಶುರುವಾಗೋ ಮೊದಲೇ ಏನೇನು ಮಾಡಿಸಿಡಬೇಕು?

ಮೇ ತಿಂಗಳಲ್ಲೇ ಮಾಡಿಸಿ. ಜೂನಿನಲ್ಲಿ ಗ್ಯಾರೇಜಿನಲ್ಲಿ ಸಾಲು ಇರುತ್ತದೆ. ವೈರನ್ನು ಬೆರಳಲ್ಲಿ ಬಾಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಸೀಳು ಕಂಡರೆ ಅಥವಾ ಅದು ಕಡ್ಡಿಯ ಹಾಗೆ ಗಟ್ಟಿಯಾಗಿದ್ದರೆ ಪೂರ್ತಿ ಸೆಟ್ ಬದಲಾಯಿಸಿ. ಪ್ಲಗ್ ಗ್ಯಾಪ್ ಸವೆದು ದೊಡ್ಡದಾಗಿದ್ದರೆ ಕಿಡಿ ಹಾರಲು ಇನ್ನೂ ಜಾಸ್ತಿ ವೋಲ್ಟ್ ಬೇಕು, ಆಗ ಅದು ಸೋರುವ ದಾರಿಯನ್ನೇ ಹಿಡಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಬರೆದಷ್ಟೇ ಗ್ಯಾಪ್ ಇಡಿಸಿ. ಬ್ಯಾಟರಿ ದುರ್ಬಲವಾಗಿದ್ದರೂ ಕಿಡಿ ದುರ್ಬಲ.

ಗಾಡಿಯಲ್ಲಿ ಒಂದು ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಒಂದು ಹಳೆಯ ಹತ್ತಿ ಪಂಚೆಯ ತುಂಡು ಇರಲಿ. ಆ ತುಂಡನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಡಿ. ಸುಮ್ನೆ ಡಿಕ್ಕಿಯಲ್ಲಿ ಎಸೆದಿದ್ದರೆ ಬೇಕಾದ ಹೊತ್ತಿಗೆ ಅದೂ ಒದ್ದೆಯಾಗಿರುತ್ತದೆ. ಬಳಸಿದ ದಿನ ಮನೆಗೆ ಬಂದು ಒಲೆಯ ಹತ್ತಿರ ಒಣಗಿಸಿ ಮತ್ತೆ ಕವರಿಗೆ ಹಾಕಿ.